ಒಂದು ಕಾಗದ ಕಡಿಮೆ ಇದೆ

(ಕಾನೂನು ವಿದ್ಯಾರ್ಥಿಗಳು ಮತ್ತು ಕೆಲವು ನಿವೃತ್ತ ಸರ್ಕಾರಿ ನೌಕರರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. "ಆಡಳಿತ ಕಾರ್ಯವಿಧಾನ ಕಾನೂನಿನ ಸರಳೀಕರಣ" ಅಂತ ಬೋರ್ಡಿನಲ್ಲಿ ಬರೆದಿದ್ದಾರೆ. ಇದನ್ನು ಓದಿಯೂ ನೀವು ಒಳಗೆ ಬಂದಿದ್ದೀರಿ ಅಂದ್ರೆ ನಿಮ್ಮ ತಾಳ್ಮೆ ದೊಡ್ಡದು. ಮೊದಲು ನನ್ನದೇ ಒಂದು ಪ್ರಸಂಗ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ ಮಗನ ಹೆಸರಿನಲ್ಲಿ ಅರ್ಜಿ ಹಾಕಬೇಕಿತ್ತು. ಮೇಲಿನ ಮಹಡಿಯಲ್ಲಿದ್ದ ಗುಮಾಸ್ತರು ಕಾಗದಗಳನ್ನೆಲ್ಲ ಎಣಿಸಿ, "ಜನನ ಪ್ರಮಾಣಪತ್ರ ಹಳೇದು ಸಾರ್, ಹೊಸದು ತನ್ನಿ" ಅಂದರು. ಹೊಸದು ಕೊಡುವುದು ಎಲ್ಲಿ? ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ. ಇಳಿದೆ, ಸಾಲಿನಲ್ಲಿ ನಿಂತೆ, ದುಡ್ಡು ಕಟ್ಟಿದೆ, ಕಾಗದ ಹಿಡಿದು ಮತ್ತೆ ಹತ್ತಿದೆ. ನಡುವೆ 22 ಮೆಟ್ಟಿಲು. ಹಳೇ ಕಾಗದದಲ್ಲಿದ್ದ ಹುಟ್ಟಿದ ದಿನವೇ ಹೊಸದರಲ್ಲೂ ಇತ್ತು. ಇರಲೇಬೇಕಲ್ಲ, ಹುಟ್ಟಿದ ದಿನ ಎಲ್ಲಾದರೂ ಬದಲಾಗುತ್ತಾ? ಆವತ್ತು ಎರಡು ಸರ್ಕಾರಿ ಕೋಣೆಗಳ ನಡುವೆ ಟಪಾಲು ಒಯ್ದವನು ನಾನು. ಸಂಬಳ ಮಾತ್ರ ಅವರಿಗೆ.

ಇದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ. ಆಮೇಲೆ ಬಾಲ್ಕನ್ ದೇಶಗಳ ಕಾನೂನು ಓದೋಕೆ ಶುರು ಮಾಡಿದೆ. ಸೆರ್ಬಿಯಾ, ಕ್ರೊಯೇಷಿಯಾ, ಬಾಸ್ನಿಯಾ, ಮಾಂಟೆನೆಗ್ರೊ, ಹಳೆಯ ಯುಗೊಸ್ಲಾವಿಯಾ ಒಡೆದು ಆದ ದೇಶಗಳು. ಅಲ್ಲಿ ಕಚೇರಿಯ ಕಿಟಕಿಗೆ "ಶಾಲ್ಟರ್" ಅನ್ನುತ್ತಾರೆ. ಜರ್ಮನ್ ಮಾತು, ಆಸ್ಟ್ರಿಯಾದವರು ಆಳಿದ ಕಾಲದ ಗುರುತು. ಶಾಲ್ಟರ್ ಬಗ್ಗೆ ಅಲ್ಲಿನವರ ಎಲ್ಲ ಜೋಕೂ ಒಂದೇ ಸಾಲಿನಲ್ಲಿ ಮುಗಿಯುತ್ತೆ: "ಫಾಲಿ ಯೆದಾನ್ ಪಾಪಿರ್." ಒಂದು ಕಾಗದ ಕಡಿಮೆ ಇದೆ. ಜನನ ಪತ್ರ ತಂದರೆ "ಆರು ತಿಂಗಳಿಗಿಂತ ಹಳೆಯದಾಗಿರಬಾರದು" ಅನ್ನುವ ಮಾತೂ ಅಲ್ಲಿ ಮನೆಮಾತು. ಓದುತ್ತಾ ನಕ್ಕೆ. ಆಮೇಲೆ ಮೆಟ್ಟಿಲು ನೆನಪಾಯಿತು.

ನಮಗೂ ಅವರಿಗೂ ಒಂದು ವ್ಯತ್ಯಾಸ ಇದೆ. ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟರೆ ಆಮೇಲೆ ಏನಾಗಬೇಕು? ಯಾರು ಕೇಳಿಸಿಕೊಳ್ಳಬೇಕು, ಎಷ್ಟು ದಿನದಲ್ಲಿ ಉತ್ತರ ಕೊಡಬೇಕು, ಆಗಲ್ಲ ಅಂದ್ರೆ ಕಾರಣ ಬರೆಯಬೇಕಾ, ಮೇಲ್ಮನವಿ ಎಲ್ಲಿಗೆ? ಇದಕ್ಕೆಲ್ಲ ಸೇರಿಸಿ ಒಂದೇ ಕಾನೂನು ನಮ್ಮ ದೇಶದಲ್ಲಿಲ್ಲ. ಕಂದಾಯಕ್ಕೆ ಒಂದು ದಾರಿ, ಸಾರಿಗೆಗೆ ಇನ್ನೊಂದು. ಉಳಿದದ್ದನ್ನು ಸಹಜ ನ್ಯಾಯದ ಹೆಸರಿನಲ್ಲಿ, ಅಂದ್ರೆ ಎದುರಿನವರ ಮಾತು ಕೇಳದೆ ತೀರ್ಮಾನ ಮಾಡಬಾರದು ಅನ್ನುವಂಥ ತತ್ವಗಳ ಮೇಲೆ, ಕೋರ್ಟುಗಳು ಒಂದೊಂದೇ ತೀರ್ಪಿನಲ್ಲಿ ಕಟ್ಟಿದವು. ಕಾರಣ ಹೇಳದೆ ಪಾಸ್‌ಪೋರ್ಟ್ ವಶಪಡಿಸಿಕೊಂಡ 1978ರ ಮೇನಕಾ ಗಾಂಧಿ ಪ್ರಕರಣ ಇಲ್ಲಿರುವ ವಿದ್ಯಾರ್ಥಿಗಳಿಗೆ ಬಾಯಿಪಾಠ ಇರುತ್ತೆ. ಬಾಲ್ಕನ್‌ನವರಿಗೆ ಮಾತ್ರ ಸುಮಾರು ನೂರು ವರ್ಷದಿಂದ ಒಂದು ಲಿಖಿತ ಕಾನೂನಿದೆ. ಅದನ್ನು ಎಲ್ಲರೂ ಚಿಕ್ಕದಾಗಿ "ಝುಪ್" ಅನ್ನುತ್ತಾರೆ.

ಈ ಝುಪ್ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಮೊದಲ ಮಹಾಯುದ್ಧ ಸೋತ ಆಸ್ಟ್ರಿಯಾ ದಿವಾಳಿ ಅಂಚಿನಲ್ಲಿತ್ತು. 1922ರಲ್ಲಿ ಜಿನೀವಾದಲ್ಲಿ ರಾಷ್ಟ್ರಸಂಘದ ಮೂಲಕ 650 ಮಿಲಿಯನ್ ಚಿನ್ನದ ಕ್ರೋನ್ ಸಾಲ ಸಿಕ್ಕಿತು. ಸಾಲದ ಜೊತೆ ಷರತ್ತು: ಖರ್ಚು ಇಳಿಸಿ, ನೌಕರರನ್ನು ಕಡಿಮೆ ಮಾಡಿ, ಆಡಳಿತ ಸರಳ ಮಾಡಿ. ನೋಡಿಕೊಳ್ಳೋಕೆ ರಾಟರ್‌ಡ್ಯಾಮಿನ ಮಾಜಿ ಮೇಯರ್ ಆಲ್‌ಫ್ರೆಡ್ ಝಿಮ್ಮರ್‌ಮನ್ ಬಂದು ವಿಯೆನ್ನಾದಲ್ಲಿ ಕೂತರು. ಆ ಒತ್ತಡದ ನಡುವೆ 1925ರ ಜುಲೈನಲ್ಲಿ ಆಸ್ಟ್ರಿಯಾ ಸಾಮಾನ್ಯ ಆಡಳಿತ ಕಾರ್ಯವಿಧಾನದ ಕಾನೂನು ಮಾಡಿತು. ಅಂದ್ರೆ, ಇವತ್ತು ಎಲ್ಲರೂ "ಹಳೇದು, ಜಟಿಲ, ಸರಳ ಮಾಡಬೇಕು" ಅನ್ನುವ ಆ ಕಾನೂನೇ ಹುಟ್ಟಿದ್ದು ಸರಳೀಕರಣಕ್ಕಾಗಿ. ಅದೂ ಸಾಲ ಕೊಟ್ಟವರ ಕಣ್ಣೆದುರು.

ಅದಕ್ಕೆ ಬರೀ ಸಾಲ ಕೊಟ್ಟವರ ಬುದ್ಧಿಯನ್ನು ಕಾರಣ ಮಾಡಿದರೆ ಅನ್ಯಾಯ. ವಿಯೆನ್ನಾದ ಆಡಳಿತ ನ್ಯಾಯಾಲಯ 1876ರಿಂದ ಐವತ್ತು ವರ್ಷ ಕೊಟ್ಟ ತೀರ್ಪುಗಳ ಸಾರ ಅದರಲ್ಲಿತ್ತು. ನಮ್ಮಲ್ಲಿ ತೀರ್ಪುಗಳಾಗಿಯೇ ಉಳಿದದ್ದನ್ನು ಅವರು ಬರೆದಿಟ್ಟುಕೊಂಡರು. ನೆರೆಯವರಿಗೂ ಹಿಡಿಸಿತು. 1928ರಲ್ಲಿ ಚೆಕೊಸ್ಲೊವಾಕಿಯಾ ಮತ್ತು ಪೋಲೆಂಡ್, 1930ರಲ್ಲಿ ಯುಗೊಸ್ಲಾವಿಯಾ. ರಾಜ ಹೋಗಿ ಕಮ್ಯುನಿಸ್ಟ್ ನಾಯಕ ಟಿಟೊ ಬಂದ ಮೇಲೂ 1956ರಲ್ಲಿ ಅದನ್ನೇ ಹೊಸದಾಗಿ ಬರೆದುಕೊಂಡರು. ಕಮ್ಯುನಿಸ್ಟ್ ಸರ್ಕಾರವೊಂದು ರಾಜನ ಕಾಲದ ಕಾನೂನನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡದ್ದು ನನಗಂತೂ ಆಶ್ಚರ್ಯ.

ಅದರಲ್ಲಿ ನನಗೆ ಇಷ್ಟವಾದ ಒಂದು ತತ್ವ ಇದೆ: "ತಿಳಿಯದ ಅರ್ಜಿದಾರನಿಗೆ ನೆರವು". ಎದುರಿಗೆ ಬಂದವನಿಗೆ ಕಾನೂನು ಗೊತ್ತಿಲ್ಲ ಅನ್ನುವ ಕಾರಣಕ್ಕೇ ಅವನ ಹಕ್ಕು ಹೋಗದಂತೆ ಅಧಿಕಾರಿ ನೋಡಿಕೊಳ್ಳಬೇಕು. ಇನ್ನು ಆದೇಶ ಹೇಗಿರಬೇಕು? ಮೊದಲು ಪೀಠಿಕೆ, ಆಮೇಲೆ ತೀರ್ಮಾನ, ಆಮೇಲೆ ಕಾರಣ, ಕೊನೆಗೆ "ಒಪ್ಪಿಗೆ ಇಲ್ಲದಿದ್ದರೆ 15 ದಿನದಲ್ಲಿ ಇಂಥ ಕಡೆ ಮೇಲ್ಮನವಿ ಹಾಕಿ" ಅನ್ನುವ ಸೂಚನೆ. ಈ ಕೊನೇ ಸಾಲು ಪ್ರತಿ ಆದೇಶದಲ್ಲೂ ಇರಲೇಬೇಕು. ನಮ್ಮ ಎಷ್ಟು ಹಿಂಬರಹಗಳಲ್ಲಿ ಈ ಸಾಲು ನೋಡಿದ್ದೀರಿ?

1991ರ ನಂತರ ದೇಶ ಒಡೆಯಿತು. ಅಣ್ಣತಮ್ಮಂದಿರು ಪಾಲಾದಾಗ ಗದ್ದೆ, ಮನೆ ಹಂಚಿಕೊಂಡರೂ ಅಮ್ಮನ ಅಡುಗೆಯ ರುಚಿ ಎಲ್ಲರ ಒಲೆಯಲ್ಲೂ ಉಳಿಯುತ್ತದಲ್ಲ, ಹಾಗೆ ಝುಪ್ ಎಲ್ಲರ ಜೊತೆ ಹೋಯಿತು. ಗಡಿಯಲ್ಲಿ ಗುಂಡು ಹಾರುತ್ತಿದ್ದಾಗಲೂ ಎರಡೂ ಕಡೆಯ ಶಾಲ್ಟರ್‌ಗಳಲ್ಲಿ ಹೆಚ್ಚುಕಮ್ಮಿ ಅದೇ ಕಾನೂನು.

ಆದರೆ ಕಾನೂನು ಇದ್ದರೆ ಸಾಕಾ? ಸ್ಲೊವೇನಿಯಾದಲ್ಲಿ ಆದದ್ದನ್ನು ಕೇಳಿ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಸ್ಲೊವೇನಿಯಾ 1991ರ ಜೂನ್ 25ಕ್ಕೆ ಸ್ವತಂತ್ರವಾಯಿತು. ಅಲ್ಲಿ ಬಾಸ್ನಿಯಾ, ಸೆರ್ಬಿಯಾ, ಮ್ಯಾಸಿಡೋನಿಯಾ ಕಡೆಯಿಂದ ಕೆಲಸಕ್ಕೆ ಬಂದು ನೆಲೆಸಿದವರು ತುಂಬಾ ಜನ ಇದ್ದರು. ಎಷ್ಟೋ ಮಂದಿ ಹುಟ್ಟಿದ್ದೇ ಅಲ್ಲಿ. ಪೌರತ್ವ ಬೇಕಾದವರು ಆರು ತಿಂಗಳಲ್ಲಿ ಅರ್ಜಿ ಹಾಕಿ ಅಂದರು. ಬಹಳ ಜನ ಹಾಕಿದರು, ಸಿಕ್ಕಿತು. ಕೆಲವರು ಹಾಕಲಿಲ್ಲ, ಕೆಲವರ ಅರ್ಜಿ ತಿರಸ್ಕಾರವಾಯಿತು. 1992ರ ಫೆಬ್ರವರಿ 26ರಂದು ಇವರ ಹೆಸರನ್ನೆಲ್ಲ ಕಾಯಂ ನಿವಾಸಿಗಳ ಪಟ್ಟಿಯಿಂದ ತೆಗೆದು ಹಾಕಿದರು. 25,671 ಜನ. ಒಬ್ಬರಿಗೂ ಆದೇಶ ಬರಲಿಲ್ಲ, ನೋಟಿಸು ಬರಲಿಲ್ಲ. ಕಾರಣ ಬರೆದ ಕಾಗದ ಇಲ್ಲ. ಮೇಲ್ಮನವಿ ಹಾಕೋಣ ಅಂದ್ರೆ ಆದೇಶವೇ ಇಲ್ಲವಲ್ಲ, ಯಾವುದರ ವಿರುದ್ಧ ಹಾಕುವುದು?

ಅವರಿಗೆ ಗೊತ್ತಾದದ್ದು ಹೇಗೆ? ಲೈಸೆನ್ಸ್ ನವೀಕರಿಸೋಕೆ, ಇನ್ಯಾವುದೋ ಸಣ್ಣ ಕೆಲಸಕ್ಕೆ ಕಚೇರಿಗೆ ಹೋದಾಗ. ಗುರುತಿನ ಚೀಟಿ ಕೇಳಿ ಪಡೆದುಕೊಂಡರು, ಅವರ ಕಣ್ಣೆದುರೇ ಅದಕ್ಕೆ ತೂತು ಹೊಡೆದರು. ಅಷ್ಟೇ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಪಂಚ್ ಮಾಡಿದ ಹಾಗೆ. ಹೊರಗೆ ಬರುವ ಹೊತ್ತಿಗೆ ಆ ಮನುಷ್ಯ ತನ್ನದೇ ಊರಿನಲ್ಲಿ ಅಕ್ರಮ ವಿದೇಶಿ. ಕೆಲಸ, ಆಸ್ಪತ್ರೆ ಸೌಲಭ್ಯ, ಪಿಂಚಣಿ ಎಲ್ಲದಕ್ಕೂ ಪೆಟ್ಟು. ಕೆಲವರನ್ನು ಗಡಿ ದಾಟಿಸಿ ಬಿಟ್ಟುಬಂದರು. ಅಲ್ಲಿನ ಜನ ಇವರನ್ನು "ಇಝ್ಬ್ರಿಸಾನಿ" ಅನ್ನುತ್ತಾರೆ, ಅಳಿಸಿ ಹೋದವರು.

ಸ್ಲೊವೇನಿಯಾದ ಸಂವಿಧಾನ ನ್ಯಾಯಾಲಯವೇ 1999ರಲ್ಲಿ ಇದು ತಪ್ಪು ಅಂದಿತು. 2003ರಲ್ಲಿ ಮತ್ತೆ ಅಂದಿತು. ಕೊನೆಗೆ ಸ್ಟ್ರಾಸ್‌ಬರ್ಗಿನ ಮಾನವ ಹಕ್ಕು ನ್ಯಾಯಾಲಯದ ದೊಡ್ಡ ಪೀಠ 2012ರ ಜೂನ್ 26ರಂದು ದೇಶದ ವಿರುದ್ಧ ತೀರ್ಪು ಕೊಟ್ಟ ಮೇಲೆ ಪರಿಹಾರದ ಕಾನೂನು ಬಂತು. ಅಳಿಸಿದ್ದ ಪ್ರತಿ ತಿಂಗಳಿಗೆ 50 ಯೂರೋ.

ಸರಳೀಕರಣದ ಉಪನ್ಯಾಸದಲ್ಲಿ ಇದನ್ನು ಯಾಕೆ ಹೇಳಿದೆ? ಆ ಪಂಚಿಂಗ್ ಮೆಷಿನ್‌ಗಿಂತ ಸರಳವಾದ ಕಾರ್ಯವಿಧಾನ ಇನ್ನೊಂದಿಲ್ಲ. ಅರ್ಜಿ ಇಲ್ಲ, ವಿಚಾರಣೆ ಇಲ್ಲ, ಕಾರಣ ಇಲ್ಲ, ತಡ ಇಲ್ಲ. "ಕಡಿಮೆ ಹಂತ, ಕಡಿಮೆ ಕಾಗದ" ಅನ್ನುವುದೇ ಗುರಿಯಾದರೆ ಇದಕ್ಕೇ ಪ್ರಶಸ್ತಿ ಕೊಡಬೇಕು. ಹಾಗಾಗಿ ಯಾರಾದರೂ ಸರಳ ಮಾಡುತ್ತೇವೆ ಅಂದ ಕೂಡಲೇ ನಾನು ಕೇಳುವುದು ಒಂದೇ: ಯಾರಿಗೆ ಸರಳ? ನನ್ನ ಓಡಾಟ ಕಡಿಮೆಯಾಗುತ್ತಾ, ಇಲ್ಲಾ ನನ್ನ ಮಾತು ಕೇಳುವ ಅವರ ಕೆಲಸ ಕಡಿಮೆಯಾಗುತ್ತಾ? ಎರಡಕ್ಕೂ ಸರಳೀಕರಣ ಅಂತಲೇ ಹೆಸರು.

ಇನ್ನೊಂದು ಕಡೆ ನೋಡಿ, ಬಾಸ್ನಿಯಾ. ಯುಗೊಸ್ಲಾವಿಯಾದಲ್ಲಿ ಪ್ರತಿಯೊಬ್ಬರಿಗೂ 13 ಅಂಕಿಯ ಒಂದು ನಂಬರ್ ಇತ್ತು. ಮೊದಲ ಏಳು ಅಂಕಿ ಹುಟ್ಟಿದ ದಿನ, ಮುಂದಿನ ಎರಡು ಪ್ರದೇಶ, ಆಮೇಲೆ ಮೂರು ಕ್ರಮಸಂಖ್ಯೆ, ಕೊನೆಯದು ತಾಳೆ ಅಂಕಿ. ಸರಾಯೆವೊಗೆ 17, ಬೆಲ್‌ಗ್ರೇಡಿಗೆ 71. ನಮ್ಮ ಗಾಡಿ ನಂಬರಿನಲ್ಲಿ ಮೈಸೂರಿಗೆ 09 ಇದ್ದ ಹಾಗೆ. 2013ರಲ್ಲಿ ನ್ಯಾಯಾಲಯದ ತೀರ್ಪಿನಿಂದ ಬಾಸ್ನಿಯಾದ ಈ ನಂಬರಿನ ಕಾನೂನಿನ ಒಂದು ಭಾಗ ಬಿದ್ದುಹೋಯಿತು. ಹೊಸದು ಬರೆಯಬೇಕು. ಪ್ರದೇಶದ ಅಂಕಿಗಳನ್ನು ಯಾವ ಗಡಿ ನೋಡಿ ಕೊಡಬೇಕು ಅನ್ನುವುದರಲ್ಲಿ ರಾಜಕಾರಣಿಗಳಿಗೆ ಒಮ್ಮತವೇ ಆಗಲಿಲ್ಲ. ಆ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳಿಗೆ ನಂಬರ್ ಇಲ್ಲ. ನಂಬರ್ ಇಲ್ಲದೆ ಪಾಸ್‌ಪೋರ್ಟ್ ಇಲ್ಲ. ಮೂರು ತಿಂಗಳ ಕೂಸೊಂದನ್ನು ಚಿಕಿತ್ಸೆಗೆ ಜರ್ಮನಿಗೆ ಒಯ್ಯಬೇಕಿತ್ತು. ಒಂದು ಕಾಗದ ಕಡಿಮೆ ಇತ್ತು.

ಜೂನ್ ತಿಂಗಳಲ್ಲಿ ಸರಾಯೆವೊದ ತಂದೆ ತಾಯಿಯರು ತಳ್ಳುಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬಂದು ಸಂಸತ್ತಿನ ಸುತ್ತ ನಿಂತರು. ಒಳಗಿದ್ದ ಸದಸ್ಯರನ್ನು ರಾತ್ರಿವರೆಗೆ ಹೊರಗೆ ಬಿಡಲಿಲ್ಲ. ಸದ್ಯಕ್ಕೆ ಅಂತ ತಾತ್ಕಾಲಿಕ ನಂಬರ್ ಕೊಟ್ಟರು, ಕಾನೂನು ಆ ವರ್ಷದ ಕೊನೆಗೆ ಬಂತು. ಎರಡು ಅಂಕಿಗೆ ಇಷ್ಟೆಲ್ಲ. ಅದೇ ಬಾಸ್ನಿಯಾದಲ್ಲಿ ಈಗಲೂ ನಾಲ್ಕು ಬೇರೆ ಬೇರೆ ಝುಪ್‌ಗಳಿವೆ: ದೇಶಕ್ಕೆ ಒಂದು, ಫೆಡರೇಶನ್ ಭಾಗಕ್ಕೆ ಒಂದು, ರೆಪುಬ್ಲಿಕಾ ಸ್ರ್ಪ್‌ಸ್ಕಾಗೆ ಒಂದು, ಬ್ರ್ಚ್ಕೊ ಅನ್ನುವ ಪುಟ್ಟ ಜಿಲ್ಲೆಗೆ ಇನ್ನೊಂದು. ಹೆಸರುಗಳನ್ನು ಉಚ್ಚರಿಸೋಕೇ ಒಂದು ಕಾನೂನು ಬೇಕು, ಬಿಡಿ.

ಈಗ ಹೊಸ ಕಾನೂನುಗಳಿಗೆ ಬರೋಣ. ಯೂರೋಪ್ ಒಕ್ಕೂಟ ಸೇರಬೇಕು ಅನ್ನುವ ಆಸೆ ಎಲ್ಲರಿಗೂ. ಸೇರಬೇಕಾದರೆ ಆಡಳಿತ ಸುಧಾರಿಸಿ ಅನ್ನುವ ಒತ್ತಡ. 1922ರ ಜಿನೀವಾ ನೆನಪಾಗುತ್ತದಾ? ಕ್ರೊಯೇಷಿಯಾ 2009ರಲ್ಲಿ ಹೊಸ ಝುಪ್ ಮಾಡಿತು. ಆಮೇಲೆ ಮಾಂಟೆನೆಗ್ರೊ, ಮ್ಯಾಸಿಡೋನಿಯಾ, ಸೆರ್ಬಿಯಾ, ಕೊಸೊವೊ. ಪಕ್ಕದ ಅಲ್ಬೇನಿಯಾ ಕೂಡ 2015ರಲ್ಲಿ. ತಮಾಷೆ ಏನು ಗೊತ್ತಾ? ಇಷ್ಟೆಲ್ಲ ಪಾಠ ಹೇಳುವ ಯೂರೋಪ್ ಒಕ್ಕೂಟದ ಸ್ವಂತ ಕಚೇರಿಗಳಿಗೇ ಇಂಥ ಸಾಮಾನ್ಯ ಕಾನೂನು ಇಲ್ಲ. ಅವರ ಸಂಸತ್ತು 2013ರಲ್ಲಿ "ಒಂದು ಮಾಡಿ" ಅಂತ ನಿರ್ಣಯ ಮಾಡಿತು. ಫ್ರಾನ್ಸ್ ತನ್ನ ನಿಯಮಗಳನ್ನು ಒಂದು ಸಂಹಿತೆಯಾಗಿ ಜೋಡಿಸಿದ್ದೂ 2015ರಲ್ಲಿ.

ಹೊಸ ಕಾನೂನುಗಳಲ್ಲಿ ಬದಲಾದದ್ದು ತುಂಬಾ ಇದೆ. ಎರಡು ಮೂರು ಮಾತ್ರ ಹೇಳುತ್ತೇನೆ.

ಒಂದು, ಅವರು "ಪಿಂಗ್‌ಪಾಂಗ್" ಅನ್ನುವ ರೋಗ. ಕೆಳಗಿನ ಕಚೇರಿ ಅರ್ಜಿ ತಿರಸ್ಕರಿಸುತ್ತೆ. ನೀವು ಮೇಲ್ಮನವಿ ಹಾಕುತ್ತೀರಿ. ಮೇಲಿನವರು ರದ್ದು ಮಾಡಿ "ಮತ್ತೆ ನೋಡಿ" ಅಂತ ಕೆಳಗೆ ಕಳಿಸುತ್ತಾರೆ. ಕೆಳಗಿನವರು ಮತ್ತೆ ಅದೇ ಆದೇಶ ಬರೆಯುತ್ತಾರೆ. ಇಲ್ಲಿ ಕಂದಾಯ ಇಲಾಖೆಯಲ್ಲಿದ್ದವರು ನಗುತ್ತಿದ್ದೀರಿ. ಹೌದು, ನಮ್ಮ "ರಿಮ್ಯಾಂಡ್". ಖಾತೆ ವ್ಯಾಜ್ಯದಲ್ಲಿ ಅಪ್ಪ ಹಾಕಿದ ಅರ್ಜಿ ತಹಶೀಲ್ದಾರರಿಂದ ಉಪವಿಭಾಗಾಧಿಕಾರಿ ಎಸಿಗೆ, ಎಸಿಯಿಂದ ತಹಶೀಲ್ದಾರರಿಗೆ ಓಡಾಡಿ ಮಗನ ಕಾಲಕ್ಕೆ ಮುಗಿಯುತ್ತೆ. ಸೆರ್ಬಿಯಾದ 2016ರ ಕಾನೂನು ಇದಕ್ಕೊಂದು ಗೆರೆ ಹಾಕಿತು. ಒಂದು ಸಲ ವಾಪಸ್ ಕಳಿಸಬಹುದು. ಎರಡನೇ ಸಲವೂ ಮೇಲ್ಮನವಿ ಬಂದು ಆದೇಶ ರದ್ದಾದರೆ ಮೇಲಿನವರೇ ಕೂತು ತೀರ್ಮಾನ ಮಾಡಬೇಕು. ನನ್ನ ಲೆಕ್ಕದಲ್ಲಿ ಇಡೀ ಕಾನೂನಿನಲ್ಲಿ ಅತಿ ಒಳ್ಳೆಯ ಸಾಲು ಇದು. ನಾಳೆಯೇ ನಮ್ಮ ಭೂಕಂದಾಯ ಕಾಯ್ದೆಗೆ ಸೇರಿಸಬಹುದು, ಖರ್ಚಿಲ್ಲ.

ಎರಡು, ಮೌನ. ಹಳೇ ಝುಪ್‌ನಲ್ಲಿ ಅರ್ಜಿಗೆ ಒಂದು ತಿಂಗಳು, ತನಿಖೆ ಬೇಕಿದ್ದರೆ ಎರಡು ತಿಂಗಳು. ಅಷ್ಟರಲ್ಲಿ ಕಚೇರಿ ಬಾಯಿ ಬಿಡದಿದ್ದರೆ ತಿರಸ್ಕಾರವಾಯಿತು ಅಂತ ತಿಳಿದು ನೀವು ಮೇಲಕ್ಕೆ ಹೋಗಬಹುದು. ಮಾಂಟೆನೆಗ್ರೊದ ಹೊಸ ಕಾನೂನು ಇದನ್ನು ತಿರುಗಿಸಿತು: ಉತ್ತರ ಬರದಿದ್ದರೆ ಅರ್ಜಿ ಮಂಜೂರಾದಂತೆ. ಮೌನಂ ಸಮ್ಮತಿ ಲಕ್ಷಣಂ! ಕೇಳೋಕೆ ಚೆನ್ನಾಗಿದೆ. ಆದರೆ ಮೌನಕ್ಕೆ ಸೀಲು ಹಾಕೋಕಾಗಲ್ಲ. ನಿಮ್ಮ ಅಂಗಡಿಗೆ ಮೌನದಿಂದ ಅನುಮತಿ ಸಿಕ್ಕಿದೆ ಅಂತಿಟ್ಟುಕೊಳ್ಳಿ. ಇನ್ಸ್‌ಪೆಕ್ಟರ್ ಬಂದು "ಎಲ್ಲಿ ತೋರಿಸಿ" ಅಂದರೆ ಏನು ತೋರಿಸುತ್ತೀರಿ? ಹಾಗಾಗಿ "ಮೌನದಿಂದ ಮಂಜೂರಾಗಿದೆ" ಅಂತ ಬರೆದುಕೊಡಿ ಎಂದು ಮತ್ತೆ ಅದೇ ಕಚೇರಿಯ ಬಾಗಿಲು ತಟ್ಟಬೇಕು.

ಈ ಕಾನೂನನ್ನು ಮಾಂಟೆನೆಗ್ರೊ 2014ರ ಕೊನೆಯಲ್ಲಿ ಮಾಡಿ, ಮುಂದೂಡಿ ಮುಂದೂಡಿ, ಜಾರಿಗೆ ತಂದದ್ದು 2017ರ ಜುಲೈ 1ಕ್ಕೆ. ಯಾಕೆ ತಡ? ಸಾಮಾನ್ಯ ಕಾನೂನು ಒಂದು. ಅದರ ಪಕ್ಕದಲ್ಲಿ ತೆರಿಗೆ, ಕಟ್ಟಡ, ಪಿಂಚಣಿ, ವಿದೇಶಿಯರು ಅಂತ ಹತ್ತಾರು ವಿಶೇಷ ಕಾನೂನುಗಳು. ಎಷ್ಟೋ ಕಾನೂನುಗಳಲ್ಲಿ ಝುಪ್‌ಗಿಂತ ಬೇರೆಯಾದ ತಮ್ಮದೇ ನಿಯಮ. ಮನೆಯ ಮುಂಬಾಗಿಲು ಅಗಲ ಮಾಡಿ ಒಳಗಿನ ಕೋಣೆಗಳಿಗೆಲ್ಲ ಹಳೇ ಚಿಲಕ ಬಿಟ್ಟರೆ ಏನು ಪ್ರಯೋಜನ? ಆ ಚಿಲಕಗಳನ್ನು ಬಿಚ್ಚುವುದೇ ನಿಜವಾದ ಕೆಲಸ. ಅದು ಪೇಪರಿನಲ್ಲಿ ಸುದ್ದಿಯಾಗಲ್ಲ.

ನೆರೆಹೊರೆಯ ವಿಷಯ. ಒಂದು ಕಾಲದಲ್ಲಿ ಒಂದೇ ಕಾನೂನು ಇದ್ದವರು ಈಗ ಒಬ್ಬೊಬ್ಬರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ತಜ್ಞರನ್ನು ಕೂರಿಸಿಕೊಂಡು ಸರಳ ಮಾಡಿಕೊಂಡರು. ಒಂದು ಕಡೆ ಮೌನ ಅಂದ್ರೆ ಹೌದು, ಗಡಿಯಾಚೆ ಮೌನ ಅಂದ್ರೆ ಇಲ್ಲ. ಪ್ರತಿ ಮನೆಯೂ ತನ್ನ ಮಟ್ಟಿಗೆ ಸರಳ, ಬೀದಿ ಮಾತ್ರ ಗೋಜಲು. ಇವರು ಕೂಡಿ ಕಲಿಯಲಿ ಅಂತ ಮಾಂಟೆನೆಗ್ರೊದ ದಾನಿಲೊವ್‌ಗ್ರಾದಿನಲ್ಲಿ ಆಡಳಿತದ ಪ್ರಾದೇಶಿಕ ಶಾಲೆಯೊಂದು ನಡೆಯುತ್ತಿದೆ. 2022ರ ನವೆಂಬರಿನಲ್ಲಿ ಬರ್ಲಿನ್‌ನಲ್ಲಿ ಆರು ದೇಶಗಳು ಒಪ್ಪಂದ ಮಾಡಿಕೊಂಡವು: ಬರೀ ಗುರುತಿನ ಚೀಟಿ ಹಿಡಿದು ಓಡಾಡಬಹುದು, ಒಬ್ಬರ ಪದವಿಯನ್ನು ಇನ್ನೊಬ್ಬರು ಒಪ್ಪಬೇಕು. ಹಿಂದೆ ಒಂದೇ ದೇಶದ ವಿಶ್ವವಿದ್ಯಾಲಯಗಳಾಗಿದ್ದವು ಕೊಟ್ಟ ಪದವಿಗೂ ಈಗ ಒಪ್ಪಂದ ಬೇಕು. ಯೂರೋಪ್ ಒಕ್ಕೂಟದ ಒಳಗೆ ಮಾತ್ರ 2019ರ ಫೆಬ್ರವರಿಯಿಂದ ಜನನ, ಮದುವೆಯಂಥ ಪತ್ರಗಳಿಗೆ ಅಪೊಸ್ಟಿಲ್, ಅಂದ್ರೆ ಕಾಗದ ಅಸಲಿ ಅಂತ ಹೊರದೇಶದವರಿಗೆ ದೃಢಪಡಿಸುವ ಮುದ್ರೆ, ಬೇಕಿಲ್ಲ. ಮಕ್ಕಳನ್ನು ಹೊರದೇಶಕ್ಕೆ ಕಳಿಸಿದ ನಿಮ್ಮಲ್ಲಿ ಕೆಲವರಿಗೆ ಆ ಮುದ್ರೆಯ ಪರಿಚಯ ಚೆನ್ನಾಗಿಯೇ ಇರುತ್ತೆ. ಭಾರತ ಆ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ್ದು 2005ರಲ್ಲಿ. ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಇಲಾಖೆ. ಕಾಗದದ ಮೇಲೆ ಕಾಗದ.

ಇಷ್ಟು ನನ್ನ ಮಾತು. ಇನ್ನು ಪ್ರಶ್ನೆಗಳು.

ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ನಮ್ಮಲ್ಲಿ ಸಕಾಲ ಇದೆಯಲ್ಲ ಸಾರ್, ಅದು ಸಾಲದಾ?

ಸಕಾಲ ಒಳ್ಳೆಯ ಕಾಯ್ದೆ. 2011ರದ್ದು, 2012ರ ಏಪ್ರಿಲ್‌ನಲ್ಲಿ ಶುರುವಾಯಿತು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಅದು ಗಡಿಯಾರ ಕಟ್ಟಿತು. ತೊಂಬತ್ತರ ದಶಕದಲ್ಲಿ ದೆವ್ವ ಓಡಿಸೋಕೆ ನಮ್ಮ ಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ದೆವಲ್ಲ, ಕಚೇರಿಗಳ ಬಾಗಿಲಿಂದ ಆ ಬರಹವನ್ನು ಅಳಿಸೋಕೆ ಸಕಾಲ ಒಂದು ಪ್ರಯತ್ನ. ಆದರೆ ಯಾವ ಕಾಗದವನ್ನು ಯಾರು ತರಬೇಕು ಅನ್ನುವುದು ಗಡಿಯಾರದ ಕೆಲಸ ಅಲ್ಲ. ನನ್ನ 22 ಮೆಟ್ಟಿಲನ್ನು ನಾನು ಬೇಗ ಬೇಗ ಹತ್ತಬಹುದು, ಅಷ್ಟೇ. ಹತ್ತಬೇಕಾದವನು ನಾನೇ.

ನಿವೃತ್ತ ಶಿರಸ್ತೇದಾರರೊಬ್ಬರ ಪ್ರಶ್ನೆ: ಹಾಗಾದರೆ ಆ ಮೆಟ್ಟಿಲನ್ನು ಯಾರಾದರೂ ಕಚೇರಿಯವರಿಂದ ಹತ್ತಿಸಿದ್ದಾರಾ?

ಸೆರ್ಬಿಯಾದವರು ಪ್ರಯತ್ನ ಮಾಡಿದ್ದಾರೆ. 2016ರ ಕಾನೂನಿನ ಬಹುಭಾಗ ಜಾರಿಯಾದದ್ದು 2017ರ ಜೂನ್ 1ಕ್ಕೆ. ಆದರೆ ಒಂದು ನಿಯಮವನ್ನು ಕಾಯಿಸದೆ ಒಂದು ವರ್ಷ ಮೊದಲೇ ತಂದರು: ಸರ್ಕಾರದ ದಾಖಲೆಯಲ್ಲಿ ಈಗಾಗಲೇ ಇರುವುದನ್ನು ಅರ್ಜಿದಾರನಿಂದ ಕೇಳುವಂತಿಲ್ಲ, ಕಚೇರಿಯೇ ತರಿಸಿಕೊಳ್ಳಬೇಕು. ಕೇಳಿದ ಅಧಿಕಾರಿಗೆ ದಂಡ. ಕಚೇರಿಗಳು ಒಂದರಿಂದ ಒಂದು ಮಾಹಿತಿ ನೋಡಿಕೊಳ್ಳೋಕೆ "ಇ-ಝುಪ್" ಅಂತ ಕಂಪ್ಯೂಟರ್ ಜಾಲವೂ ಬಂತು.

ಅಲ್ಲಿನ ಅರ್ಜಿ ನಮೂನೆಯ ಕೊನೆಯಲ್ಲಿ ಎರಡು ಆಯ್ಕೆ ಇರುತ್ತೆ. ಮೊದಲನೆಯದು: ನನ್ನ ಮಾಹಿತಿಯನ್ನು ಕಚೇರಿಯೇ ತರಿಸಿಕೊಳ್ಳಲು ಒಪ್ಪಿದ್ದೇನೆ. ಎರಡನೆಯದು: ತರಿಸಿಕೊಳ್ಳುವುದು ಕಚೇರಿಯ ಕರ್ತವ್ಯವಾಗಿದ್ದರೂ, ಈ ಕಾಗದಗಳನ್ನು ನಾನೇ ತಂದುಕೊಡುತ್ತೇನೆ. ಎರಡನೆಯದು ಯಾಕಿದೆ? ತನ್ನ ವಿವರ ಕಚೇರಿಗಳ ನಡುವೆ ಓಡಾಡುವುದು ಇಷ್ಟವಿಲ್ಲದವರಿಗೆ, ಅವಸರ ಇರುವವರಿಗೆ. ಆದರೆ "ಎರಡನೆಯದಕ್ಕೇ ಹಾಕಿಬಿಡಿ, ಬೇಗ ಆಗುತ್ತೆ" ಅಂತ ಕಿಟಕಿಯೊಳಗಿಂದ ಒಂದು ಮಾತು ಬಂದರೆ ಸಾಕು, ಇಡೀ ನಿಯಮ ಮತ್ತೆ ಜನರ ಕಾಲಿಗೇ ಬರುತ್ತೆ.

"ನೀವಾಗಿದ್ದರೆ ಯಾವುದಕ್ಕೆ ಟಿಕ್ ಹಾಕುತ್ತಿದ್ದಿರಿ?" ಅಂದರು ಶಿರಸ್ತೇದಾರರು.

ನಿಜ ಹೇಳಬೇಕಲ್ಲ. ಮಗನ ಅರ್ಜಿ, ಕೊನೇ ದಿನ, ಕೆಳಗಿನ ಮಹಡಿಯಲ್ಲಿ ಸಾಲು ಚಿಕ್ಕದಿತ್ತು. ಎರಡನೆಯದಕ್ಕೆ, ಅಂದೆ.